ಮುದ್ದು ಎಷ್ಟಾದರೆ ಅತಿ?

ಹಸುಗೂಸು ಅತ್ತಾಗ ಎತ್ತಿಕೊಂಡರೆ "ಕೈ ಅಭ್ಯಾಸ ಆಗತ್ತೆ, ಮಲಗಿಸು" ಅನ್ನುವ ಮನೆಯಲ್ಲೇ, ಅದೇ ಮಗು ಐದು ವರ್ಷದ್ದಾಗಿ ಮೂರನೇ ಐಸ್‌ಕ್ರೀಮಿಗೆ ರಂಪ ಮಾಡಿದಾಗ "ಪಾಪ, ಕೇಳ್ತಿದೆ, ಕೊಡು" ಅನ್ನುತ್ತಾರೆ. ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡಿದವರನ್ನು ಕೇಳಿ ನೋಡಿ. ಎರಡೂ ತಿರುಗಾಮುರುಗಾ ಆಗಿದೆ ಎನ್ನುತ್ತಾರೆ.

ಈ ಮಾತು ಆಗಾಗ ಮನೆಯಿಂದ ಬೀದಿಗೂ ಬರುತ್ತದೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಒಂದು ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರು ಓಡಿಸಿದ ಆರೋಪ ಬಂದದ್ದು 17 ವರ್ಷದ ಹುಡುಗನ ಮೇಲೆ. ಜಾಮೀನಿನ ಷರತ್ತಾಗಿ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ದೇಶವೆಲ್ಲ ಸುದ್ದಿಯಾಯಿತು. "ಸಲಿಗೆ ಕೊಟ್ಟು ಕೆಡಿಸಿದ್ದಾರೆ" ಎಂಬ ಮಾತು ಎಲ್ಲರ ಬಾಯಲ್ಲೂ ಬಂತು. ಆ ಮನೆಯೊಳಗೆ ಏನಿತ್ತೋ ಹೊರಗಿನವರಿಗೆ ಗೊತ್ತಿಲ್ಲ, ಅದು ಬಿಡಿ. ಆದರೆ ಸಲಿಗೆಯಿಂದ ಮಕ್ಕಳು ಕೆಡುತ್ತಾರೆ ಅನ್ನೋದು ನಿಜವೇ? ನಿಜವಾದರೆ ಹೇಗೆ?

ಕೇಳಿಕೊಳ್ಳಲು ಇನ್ನೊಂದು ಕಾರಣವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜಿ ತಾತ ಸೇರಿ ಆರು ಜನ ದೊಡ್ಡವರ ನಡುವೆ ಒಂದೋ ಎರಡೋ ಮಕ್ಕಳು. ಐದಾರು ಮಕ್ಕಳಿದ್ದ ಮನೆಯಲ್ಲಿ ಅತಿಮುದ್ದಿಗೆ ಯಾರಿಗೆ ಪುರುಸೊತ್ತಿತ್ತು?

ಪ್ರೀತಿ ಬೇರೆ, ಸಲಿಗೆ ಬೇರೆ

1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಡಯಾನಾ ಬೌಮ್ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ನರ್ಸರಿ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಹತ್ತಿರದಿಂದ ಗಮನಿಸಿದರು. ಅವರಿಗೆ ಮುಖ್ಯವಾಗಿ ಮೂರು ರೀತಿಯ ಪೋಷಕರು ಕಂಡರು. ಹೇಳಿದ್ದೇ ಆಗಬೇಕು ಎನ್ನುವವರು ಒಂದು ಗುಂಪು. ಪ್ರೀತಿ ಇದೆ, ಆದರೆ ಯಾವುದಕ್ಕೂ ಇಲ್ಲ ಅನ್ನದವರು ಇನ್ನೊಂದು. ಪ್ರೀತಿಯೂ ಇದೆ, ನಿಯಮವೂ ಇದೆ, ಆ ನಿಯಮ ಯಾಕೆ ಅಂತ ಮಗುವಿಗೆ ಹೇಳುವ ತಾಳ್ಮೆಯೂ ಇದೆ ಎನ್ನುವವರು ಮೂರನೆಯದು. 1983ರಲ್ಲಿ ಎಲಿನಾರ್ ಮೆಕಾಬಿ ಮತ್ತು ಜಾನ್ ಮಾರ್ಟಿನ್ ಇದನ್ನು ಎರಡು ಅಳತೆಗಳಾಗಿ ಬಿಡಿಸಿದರು: ಮಗುವಿಗೆ ಎಷ್ಟು ಸ್ಪಂದಿಸುತ್ತೀರಿ, ಮಗುವಿನಿಂದ ಎಷ್ಟು ನಿರೀಕ್ಷಿಸುತ್ತೀರಿ. ಎರಡೂ ಇಲ್ಲದ ಮನೆ, ಅಂದರೆ ಮಗುವನ್ನು ಅದರ ಪಾಡಿಗೆ ಬಿಟ್ಟ ಮನೆ, ನಾಲ್ಕನೆಯ ಗುಂಪಾಯಿತು.

ವಿಷಯದ ಕೀಲಿ ಇರೋದೇ ಇಲ್ಲಿ. ಗೋಡೆಯ ಸ್ವಿಚ್‌ಬೋರ್ಡಿನಲ್ಲಿ ಲೈಟಿಗೊಂದು, ಫ್ಯಾನಿಗೊಂದು ಸ್ವಿಚ್ ಇರುತ್ತದಲ್ಲ, ಪ್ರೀತಿ ಮತ್ತು ಶಿಸ್ತು ಹಾಗೆ. ನಾವು ಎರಡಕ್ಕೂ ಸೇರಿ ಒಂದೇ ಸ್ವಿಚ್ ಅಂದುಕೊಂಡಿದ್ದೇವೆ. ಅದಕ್ಕೇ ಶಿಸ್ತು ಬೇಕು ಅಂದಾಗ ಪ್ರೀತಿ ಆರಿಸುತ್ತೇವೆ, ಮುಖ ಗಂಟಿಕ್ಕುತ್ತೇವೆ. ಪ್ರೀತಿ ತೋರಿಸಬೇಕು ಅನಿಸಿದಾಗ ನಿಯಮ ಸಡಿಲಿಸುತ್ತೇವೆ. ಎರಡನ್ನೂ ಒಟ್ಟಿಗೆ ಹಾಕಬಹುದು ಅನ್ನೋದು ಹೊಳೆಯುವುದೇ ಇಲ್ಲ.

ಪ್ರೀತಿ ಜಾಸ್ತಿಯಾಗಿ ಮಗು ಕೆಟ್ಟಿತು ಅನ್ನೋದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಗುವುದಿಲ್ಲ. ಹಸುಗೂಸಿನ ವಿಷಯದಲ್ಲಂತೂ ಇಲ್ಲವೇ ಇಲ್ಲ. 1972ರಲ್ಲಿ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ 26 ತಾಯಿ-ಮಗು ಜೋಡಿಗಳನ್ನು ಗಮನಿಸಿ, ಅತ್ತಾಗ ಬೇಗ ಬಂದು ನೋಡುವ ತಾಯಂದಿರ ಮಕ್ಕಳು ವರ್ಷದ ಕೊನೆಯ ಹೊತ್ತಿಗೆ ಕಡಿಮೆ ಅಳುತ್ತಿದ್ದರು ಎಂದು ಬರೆದರು. ಚಿಕ್ಕ ಅಧ್ಯಯನ ಅದು, ಮುಂದೆ ಅದರ ಬಗ್ಗೆ ತಕರಾರೂ ಬಂತು. ಆದರೂ ಮೊದಲ ತಿಂಗಳುಗಳಲ್ಲಿ ಎತ್ತಿಕೊಂಡು ಮಗು ಕೆಡಿಸಲು ಆಗುವುದಿಲ್ಲ ಎಂಬ ಮಾತನ್ನು ಇಂದು ಮಕ್ಕಳ ಡಾಕ್ಟರುಗಳೂ ಹೇಳುತ್ತಾರೆ. ಆ ವಯಸ್ಸಿಗೆ ಅಳು ಹಠ ಅಲ್ಲ. ಹೇಳಿಕೊಳ್ಳಲು ಅದಕ್ಕೆ ಇರುವ ದಾರಿಯೇ ಅದು.

'ಅತಿ' ಯಾವ್ಯಾವುದು?

ಜೀನ್ ಇಲ್ಸ್‌ಲಿ ಕ್ಲಾರ್ಕ್, ಕೋನಿ ಡಾಸನ್ ಮತ್ತು ಡೇವಿಡ್ ಬ್ರೆಡೆಹಾಫ್ಟ್ ಎಂಬ ಮೂವರು 1990ರ ದಶಕದಿಂದ ಇದೇ ವಿಷಯದ ಮೇಲೆ ಕೆಲಸ ಮಾಡಿದವರು. ಬಾಲ್ಯದಲ್ಲಿ ಅತಿಯಾಗಿ ಮುದ್ದಿಸಿಕೊಂಡ ದೊಡ್ಡವರನ್ನು ಕೇಳಿ, ಅತಿಮುದ್ದನ್ನು ಮೂರಾಗಿ ವಿಂಗಡಿಸಿದರು.

ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುವಂಥದ್ದು: ವಸ್ತುಗಳ ಅತಿ. ಕಪಾಟು ತೆಗೆದರೆ ಮೈಮೇಲೆ ಬೀಳುವಷ್ಟು ಆಟಿಕೆ, ವಾರಕ್ಕೊಂದು ಹೊಸ ಕ್ಲಾಸು, ಕೇಳುವ ಮೊದಲೇ ಫೋನು. ಇದರಲ್ಲಿ ಮಗುವಿಗೆ ಕೈತಪ್ಪುವುದು 'ಸಾಕು' ಎಂಬ ಅನುಭವ. ಯಾವುದು ಬೇಕು, ಯಾವುದು ಸುಮ್ನೆ ಆಸೆ ಅಂತ ಗುರುತಿಸಲು ಅದಕ್ಕೆ ಬರುವುದಿಲ್ಲ.

ಎರಡನೆಯದು ಆರೈಕೆಯ ಅತಿ. ಮಗು ತಾನೇ ಮಾಡಬಹುದಾದ್ದನ್ನು ದೊಡ್ಡವರು ಮಾಡಿಕೊಡುವುದು. ಏಳು ವರ್ಷದ ಮಗುವಿಗೆ ಮೊಬೈಲ್ ತೋರಿಸುತ್ತ ತುತ್ತು ತಿನ್ನಿಸುವುದು, ಸ್ಕೂಲ್ ಬ್ಯಾಗ್ ತಾವು ಹೊರುವುದು, ಶೂ ಲೇಸ್ ಕಟ್ಟುವುದು. ಯಾವುದಾದರೂ ಪ್ರೈಮರಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿ ನೋಡಿ. ಥರ್ಮೋಕೋಲಿನ ಜ್ವಾಲಾಮುಖಿಯ ಅಂಚು ನೇರವಾಗಿ ಕತ್ತರಿಸಿರುತ್ತದೆ, ಪ್ರಿಂಟ್ ತೆಗೆದ ಲೇಬಲ್ಲು ಅಂಟಿರುತ್ತದೆ. "ಇದು ಹೇಗೆ ಮಾಡಿದೆ ಪುಟ್ಟಾ?" ಅಂತ ಕೇಳಿದರೆ ಮಗು ಹಿಂದೆ ನಿಂತ ಅಪ್ಪನ ಮುಖ ನೋಡುತ್ತದೆ. ಪ್ರೀತಿಯ ವೇಷದಲ್ಲಿ ಬರುವುದರಿಂದ ಈ ಅತಿ ಗೊತ್ತಾಗುವುದೇ ಇಲ್ಲ. ಮಗುವಿಗೆ ಮಾತ್ರ ಇದರಿಂದ ಒಂದು ಸಂದೇಶ ಹೋಗುತ್ತಿರುತ್ತದೆ: ನಿನ್ನ ಕೈಲಿ ಆಗಲ್ಲ.

ಮೂರನೆಯದು ಕಟ್ಟುಪಾಡಿನ ಕೊರತೆ. ಮಲಗುವ ಹೊತ್ತಿಲ್ಲ, ಮನೆಗೆಲಸವಿಲ್ಲ, ಹೇಳಿದ ನಿಯಮ ಸಂಜೆಯೊಳಗೆ ಮರೆತುಹೋಗುತ್ತದೆ. ಇದಕ್ಕೆ ದುಡ್ಡು ಬೇಕಿಲ್ಲ. ಅತಿಮುದ್ದು ಶ್ರೀಮಂತರ ಕಾಯಿಲೆ ಅಂದುಕೊಂಡವರು ಮೂರರಲ್ಲಿ ಮೊದಲನೆಯದನ್ನು ಮಾತ್ರ ನೋಡಿರುತ್ತಾರೆ.

ಕೊಡೋದು ಸರಿಯೋ ತಪ್ಪೋ ಅಂತ ಅನುಮಾನ ಬಂದಾಗ ಕೇಳಿಕೊಳ್ಳಲು ಈ ಮೂವರು ನಾಲ್ಕು ಪ್ರಶ್ನೆ ಕೊಟ್ಟಿದ್ದಾರೆ. ಇದರಿಂದ ಈ ವಯಸ್ಸಿಗೆ ಮಗು ಕಲಿಯಬೇಕಾದ್ದು ತಪ್ಪಿಹೋಗುತ್ತಾ? ಮನೆಯ ದುಡ್ಡು, ಸಮಯ ಎಲ್ಲ ಒಂದೇ ಮಗುವಿನ ಕಡೆ ಹರಿಯುತ್ತಾ? ಇದು ಮಗುವಿಗಾಗಿಯೋ, ನನ್ನ ಸಮಾಧಾನಕ್ಕಾಗಿಯೋ? ಬೇರೆಯವರಿಗೆ ತೊಂದರೆ ಆಗುತ್ತಾ? ಮೂರನೇ ಪ್ರಶ್ನೆ ಸ್ವಲ್ಪ ಚುಚ್ಚುತ್ತದೆ. ಆಫೀಸಿನಿಂದ ರಾತ್ರಿ ಒಂಬತ್ತಕ್ಕೆ ಬಂದ ಅಪ್ಪ ತರುವ ಆಟಿಕೆ ಎಷ್ಟೋ ಸಲ ಮಗುವಿಗಲ್ಲ, ತನ್ನ ಮನಸ್ಸಿನ ಅಳುಕಿಗೆ.

ಅಂಗಡಿ ಮುಂದೆ ನಡೆಯುವುದೇನು?

ಸಲಿಗೆ ಹಠವಾಗುವುದು ಹೇಗೆ ಅನ್ನೋದನ್ನು ಕ್ಷಣಕ್ಷಣವಾಗಿ ಬಿಡಿಸಿ ತೋರಿಸಿದ್ದು ಅಮೆರಿಕದ ಆರಿಗನ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್. ಅವರ ತಂಡ ಮನೆಗಳಿಗೇ ಹೋಗಿ ಅಪ್ಪ, ಅಮ್ಮ, ಮಕ್ಕಳ ಜಟಾಪಟಿಯನ್ನು ಬರೆದುಕೊಳ್ಳುತ್ತಿತ್ತು.

ನಮ್ಮ ಬೀದಿಯ ಕಿರಾಣಿ ಅಂಗಡಿಗೇ ಅದನ್ನು ತರೋಣ. ಬೇಳೆ ತರಲು ಹೋದ ಅಮ್ಮ, ಜೊತೆಗೆ ನಾಲ್ಕು ವರ್ಷದ ಮಗ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ, ಮಗುವಿನ ಕಣ್ಣಳತೆಗೆ ಸರಿಯಾಗಿ ಚಾಕೊಲೇಟ್ ಡಬ್ಬಿ. "ಬೇಕು." "ಬೇಡ ಕಂದಾ, ಊಟದ ಹೊತ್ತು." ಮಗ ರಾಗ ತೆಗೆಯುತ್ತಾನೆ. "ನಾಳೆ ಕೊಡಿಸ್ತೀನಿ." ರಾಗ ಏರುತ್ತದೆ. ಹಿಂದೆ ನಿಂತವರು ನೋಡುತ್ತಿದ್ದಾರೆ. ಹುಡುಗ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಅಮ್ಮ ಕೊನೆಗೆ "ತಗೋ, ಇದೊಂದೇ ಸಲ" ಅಂತ ಕೈಗಿಡುತ್ತಾಳೆ. ಅಳು ಸ್ವಿಚ್ ಆರಿಸಿದ ಹಾಗೆ ನಿಲ್ಲುತ್ತದೆ.

ಇಲ್ಲಿ ಕಲಿತವರು ಇಬ್ಬರು. ಜೋರಾಗಿ ಅತ್ತರೆ ಸಿಗುತ್ತದೆ ಅಂತ ಮಗ ಕಲಿತ. ಕೊಟ್ಟರೆ ಅಳು ನಿಲ್ಲುತ್ತದೆ ಅಂತ ಅಮ್ಮನೂ ಕಲಿತಳು, ತನಗೇ ಗೊತ್ತಿಲ್ಲದೆ. ಇಬ್ಬರಿಗೂ ಆ ಕ್ಷಣಕ್ಕೆ ನಿರಾಳ. ಅದಕ್ಕೇ ಮುಂದಿನ ಸಲ ಮಗ ನೇರವಾಗಿ ಹೊರಳಾಟದಿಂದಲೇ ಶುರು ಮಾಡುತ್ತಾನೆ, ಅಮ್ಮ ಇನ್ನೂ ಬೇಗ ಸೋಲುತ್ತಾಳೆ. ಪ್ಯಾಟರ್ಸನ್ ಹೇಳಿದ್ದು ಈ ಸುಳಿಯ ಬಗ್ಗೆಯೇ. ಇದು ಕೆಟ್ಟ ಅಮ್ಮ, ಕೆಟ್ಟ ಮಗನ ಕಥೆಯಲ್ಲ. ಸಾಧಾರಣ ಜನ ಸಾಧಾರಣವಾಗಿ ಬೀಳುವ ಸುಳಿ.

ಕೆಲವು ಸಲ ಮಾತ್ರ ಸೋತರೆ? ಅದು ಇನ್ನೂ ಕಷ್ಟ. ಬಹುಮಾನ ಪ್ರತಿ ಸಲವೂ ಸಿಗದೆ ಯಾವಾಗಲೋ ಒಮ್ಮೆ ಸಿಕ್ಕರೆ ಆ ವರ್ತನೆ ಬಹಳ ದಿನ ಉಳಿಯುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳ ಪ್ರಯೋಗದಲ್ಲಿ ತೋರಿಸಿದ್ದರು. ಮಕ್ಕಳ ಹಠಕ್ಕೂ ಇದು ಒಪ್ಪುತ್ತದೆ. ಹತ್ತು ನಿಮಿಷ ಗಟ್ಟಿಯಾಗಿ ನಿಂತು ಹನ್ನೊಂದನೇ ನಿಮಿಷಕ್ಕೆ ಸೋತರೆ ಮಗು ಕಲಿಯುವುದು ಇಷ್ಟೇ: ಹನ್ನೊಂದು ನಿಮಿಷ ಅಳಬೇಕು. ಇನ್ನೊಂದು ವಿಷಯ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಹಠ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಬಹಳಷ್ಟು ಮನೆಗಳು ಕೈಚೆಲ್ಲುವುದು ಸರಿಯಾಗಿ ಇದೇ ಹೊತ್ತಿಗೆ.

ಮಗುವಿನ ಮೇಲೆ ಆಗುವ ಪರಿಣಾಮ

ಮೊದಲು ಏಟು ಬೀಳುವುದು ತಡೆದುಕೊಳ್ಳುವ ಶಕ್ತಿಗೆ. ಆಸೆಗೂ ಅದು ಕೈಗೆ ಸಿಗುವುದಕ್ಕೂ ನಡುವೆ ಸ್ವಲ್ಪ ಜಾಗ ಬೇಕು. ಕಾಯುವುದು, ಬೇಸರಪಡುವುದು, ಬೇರೆ ಏನಾದರೂ ಮಾಡಿಕೊಳ್ಳುವುದು ಎಲ್ಲ ಆ ಜಾಗದಲ್ಲೇ ಕಲಿಯಬೇಕಾದ್ದು. ಇದನ್ನು ನಿಭಾಯಿಸುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ಹರೆಯ ಅರ್ಧ ಕಳೆಯಬೇಕು. ಹಾಗಾಗಿ ಬಾಲ್ಯವೆಲ್ಲ ಅಭ್ಯಾಸದ ಕಾಲವೇ.

ಇದು ಮುಂದಕ್ಕೆ ಎಷ್ಟು ಮುಖ್ಯ? ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು 1,000 ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಬೆನ್ನುಹತ್ತಿದ್ದಾರೆ. ಚಿಕ್ಕಂದಿನಲ್ಲಿ ಮನಸ್ಸಿನ ಹಿಡಿತ ಕಡಿಮೆ ಇದ್ದವರಿಗೆ 32ನೇ ವಯಸ್ಸಿನ ಹೊತ್ತಿಗೆ ಆರೋಗ್ಯದ ತೊಂದರೆ, ಹಣದ ತಾಪತ್ರಯ, ಪೊಲೀಸ್ ಕೇಸು ಜಾಸ್ತಿ ಇದ್ದವು ಎಂದು ಟೆರಿ ಮಾಫಿಟ್ ಮತ್ತು ತಂಡ 2011ರಲ್ಲಿ ಪ್ರಕಟಿಸಿತು. ಬುದ್ಧಿವಂತಿಕೆ, ಮನೆಯ ಸ್ಥಿತಿಗತಿ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿದಿತ್ತು.

ಇಲ್ಲಿ ಬಹಳ ಜನಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಷ್‌ಮೆಲ್ಲೊ (ಮೆತ್ತನೆಯ ಮಿಠಾಯಿ) ಪ್ರಯೋಗ ನೆನಪಾಗುತ್ತದೆ. ಈಗ ಒಂದು ತಿನ್ನು, ಕಾದರೆ ಎರಡು ಅನ್ನುವ ಪರೀಕ್ಷೆ. ಕಾದ ಮಕ್ಕಳೇ ಮುಂದೆ ಚೆನ್ನಾಗಿ ಬಂದರು ಅನ್ನೋದು ಅದರ ಕಥೆ. ವಾಟ್ಸಾಪಿನಲ್ಲಿ ಅದು ಹರಿದಾಡುವಷ್ಟು ಸರಳ ಅಲ್ಲ. 2018ರಲ್ಲಿ ಸುಮಾರು 900 ಮಕ್ಕಳ ಮಾಹಿತಿ ಇಟ್ಟುಕೊಂಡು ನೋಡಿದಾಗ, ಮನೆಯ ಹಿನ್ನೆಲೆ ಲೆಕ್ಕ ಹಾಕಿದ ಮೇಲೆ ಆ ಪರೀಕ್ಷೆಯ ಭವಿಷ್ಯ ಹೇಳುವ ಶಕ್ತಿ ಬಹಳ ಕುಗ್ಗಿತು. ನನಗೆ ಅದಕ್ಕಿಂತ ಸ್ವಾರಸ್ಯ ಅನಿಸೋದು ರೋಚೆಸ್ಟರ್ ವಿಶ್ವವಿದ್ಯಾಲಯದವರು 28 ಮಕ್ಕಳ ಮೇಲೆ ಮಾಡಿದ ಚಿಕ್ಕ ಪ್ರಯೋಗ. ಪರೀಕ್ಷೆಗೆ ಮೊದಲು ಅರ್ಧ ಮಕ್ಕಳಿಗೆ "ಒಳ್ಳೆ ಬಣ್ಣ ತರ್ತೀನಿ" ಅಂತ ಹೇಳಿ ನಿಜಕ್ಕೂ ತಂದುಕೊಟ್ಟರು. ಇನ್ನರ್ಧ ಮಕ್ಕಳಿಗೆ ಹೇಳಿ ತರಲಿಲ್ಲ. ಆಮೇಲೆ ಕಾಯಲು ಹೇಳಿದಾಗ ಮೊದಲ ಗುಂಪು ಸರಾಸರಿ 12 ನಿಮಿಷ ಕಾಯಿತು, ಎರಡನೆಯದು 3 ನಿಮಿಷ. ಅಂದರೆ ಕಾಯುವುದು ಮಗುವಿನ ಗುಣ ಮಾತ್ರ ಅಲ್ಲ. ದೊಡ್ಡವರ ಮಾತಿಗೆ ಬೆಲೆ ಇದೆಯಾ ಅನ್ನೋದರ ಮೇಲೂ ನಿಂತಿದೆ. "ನಾಳೆ ಕೊಡಿಸ್ತೀನಿ" ಅಂದದ್ದನ್ನು ನಾಳೆ ಮರೆಯುವವರು ಗಮನಿಸಬೇಕು.

ಎರಡನೆಯದು ಭಯ. ನಾಯಿ ಕಂಡರೆ ಹೆದರುವ ಮಗುವಿಗಾಗಿ ಬೀದಿಯನ್ನೇ ಬದಲಿಸುವುದು, ಒಬ್ಬಳೇ ಮಲಗಲು ಹೆದರುವ ಹನ್ನೊಂದು ವರ್ಷದ ಮಗಳ ಪಕ್ಕ ಅಮ್ಮ ದಿನಾ ಮಲಗುವುದು, ಹೋಟೆಲಿನಲ್ಲಿ ನಾಚುವ ಮಗನ ಪರವಾಗಿ ಅಪ್ಪನೇ ದೋಸೆ ಹೇಳುವುದು. ಆ ಹೊತ್ತಿಗೆ ಭಯ ಇಳಿಯುತ್ತದೆ, ಆದರೆ "ಇದನ್ನು ನಾನು ದಾಟಬಲ್ಲೆ" ಅಂತ ತಿಳಿಯುವ ಅವಕಾಶವೂ ಹೋಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲೈ ಲೆಬೋವಿಟ್ಸ್ ಮತ್ತು ತಂಡ ಆತಂಕದ ಕಾಯಿಲೆಯಿದ್ದ 7ರಿಂದ 14 ವರ್ಷದ 124 ಮಕ್ಕಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿನ ಮಕ್ಕಳಿಗೆ ಚಿಕಿತ್ಸೆ. ಇನ್ನೊಂದರಲ್ಲಿ ಮಕ್ಕಳನ್ನು ಕರೆಯಲೇ ಇಲ್ಲ, ಮಗುವಿನ ಭಯಕ್ಕೆ ತಕ್ಕಂತೆ ಮನೆಯನ್ನು ಬಗ್ಗಿಸುವುದನ್ನು ನಿಧಾನವಾಗಿ ಬಿಡಲು ಅಪ್ಪ-ಅಮ್ಮನಿಗೆ ಮಾತ್ರ ಕಲಿಸಿದರು. ಎರಡೂ ಕಡೆ ಮಕ್ಕಳು ಸುಧಾರಿಸಿದ್ದು ಒಂದೇ ಮಟ್ಟಕ್ಕೆ.

ಮೂರನೆಯದು ಬೇರೆಯವರ ಜೊತೆಗಿನ ನಡತೆ. ಒಂದೂವರೆ ವರ್ಷದ ಮಗು ಕಸ ಗುಡಿಸುವಾಗ ಬಂದು ಪೊರಕೆ ಎಳೆಯುತ್ತದಲ್ಲ, ಅದು ತರಲೆ ಅಲ್ಲ. ಆ ವಯಸ್ಸಿಗೇ ಮಕ್ಕಳು ಯಾರೂ ಹೇಳದೆ ಸಹಾಯ ಮಾಡುತ್ತಾರೆ ಎಂದು ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ತೋರಿಸಿದ್ದಾರೆ. ಆಟಿಕೆಯ ಬಹುಮಾನ ಕೊಡತೊಡಗಿದಾಗ ಆ ಸಹಾಯ ಮುಂದೆ ಕಡಿಮೆಯಾಯಿತು, ಬಾಯಿಮಾತಿನಲ್ಲಿ ಹೊಗಳಿದಾಗ ಆಗಲಿಲ್ಲ. "ನೀನು ಬೇಡ ಚಿನ್ನಾ, ಆಟ ಆಡ್ಕೋ ಹೋಗು" ಅಂತ ಹನ್ನೆರಡು ವರ್ಷ ಹೇಳಿ, ಹದಿಮೂರನೇ ವರ್ಷ "ಒಂದು ಲೋಟ ಎತ್ತಿಡಲ್ಲ ನೋಡು" ಅಂದರೆ ಮಗುವಿಗೆ ಅರ್ಥವಾದರೂ ಹೇಗೆ ಆಗಬೇಕು?

ಹೊಗಳಿಕೆಯ ಅತಿಯೂ ಇಲ್ಲೇ ಬರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ "ನನ್ನ ಮಗಳ ಹಾಗೆ ಬೇರೆ ಯಾರೂ ಇಲ್ಲ" ಅಂತ ಮಗುವಿಗೇ ದಿನಾ ಕೇಳಿಸಿದರೆ? ನೆದರ್ಲೆಂಡ್ಸ್‌ನಲ್ಲಿ 7ರಿಂದ 11 ವರ್ಷದ 565 ಮಕ್ಕಳನ್ನು ಆರು ತಿಂಗಳಿಗೊಮ್ಮೆ ನೋಡುತ್ತ ಹೋದ ಅಧ್ಯಯನ 2015ರಲ್ಲಿ ಬಂತು. ನೀನು ಎಲ್ಲರಿಗಿಂತ ಮೇಲು ಎಂಬ ಭಾವನೆ ತುಂಬಿದ ಮನೆಯ ಮಕ್ಕಳಲ್ಲಿ ಮುಂದೆ ಅಹಂಕಾರ ಹೆಚ್ಚಿತು. ಪ್ರೀತಿ ತೋರಿಸಿದ ಮನೆಯ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚಿತು. ಮತ್ತೆ ಅದೇ ಎರಡು ಸ್ವಿಚ್ಚು.

ಹದಿಹರೆಯಕ್ಕೆ ಬಂದಾಗ ಬೆಲೆ ದೊಡ್ಡದಾಗುತ್ತದೆ, ಯಾಕೆಂದರೆ ಕೈಯಲ್ಲಿರೋದು ಚಾಕೊಲೇಟಲ್ಲ, ಬೈಕಿನ ಕೀ. 2013ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ 16 ವರ್ಷದ ಹುಡುಗನೊಬ್ಬ ಕುಡಿದು ಗಾಡಿ ಓಡಿಸಿ ನಾಲ್ವರ ಸಾವಿಗೆ ಕಾರಣನಾದ. ಸಿರಿವಂತಿಕೆಯಲ್ಲಿ ಅಂಕೆಯಿಲ್ಲದೆ ಬೆಳೆದವನು, ತಪ್ಪಿಗೆ ಫಲ ಇದೆ ಎಂಬುದೇ ಅವನಿಗೆ ಗೊತ್ತಿಲ್ಲ ಎಂಬ ವಾದ ಕೋರ್ಟಿನಲ್ಲಿ ಬಂತು. 'ಅಫ್ಲುಯೆಂಜಾ', ಅಂದರೆ ಸಿರಿವಂತಿಕೆಯ ಜ್ವರ, ಎಂಬ ಪದ ಆಗ ಸುದ್ದಿಯಾಯಿತು. ವೈದ್ಯಶಾಸ್ತ್ರ ಒಪ್ಪಿದ ಕಾಯಿಲೆ ಅದಲ್ಲ. ಆಗ ಹುಡುಗನಿಗೆ ಜೈಲಾಗಲಿಲ್ಲ, 10 ವರ್ಷದ ಪ್ರೊಬೇಷನ್ (ಹೊರಗಿದ್ದೇ ನಿಗಾದಲ್ಲಿರುವ ಶಿಕ್ಷೆ) ಆಯಿತು. ನಮ್ಮ ಕಾನೂನು ಇದೇ ಎಳೆಯನ್ನು ಇನ್ನೊಂದು ತುದಿಯಿಂದ ಹಿಡಿದಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತಮಗೆ ಗೊತ್ತಿರಲಿಲ್ಲ, ಇಲ್ಲವೇ ತಡೆಯಲು ಎಲ್ಲ ಪ್ರಯತ್ನ ಮಾಡಿದ್ದೆವು ಅಂತ ಪೋಷಕರು ತೋರಿಸಿಕೊಟ್ಟರೆ ಮಾತ್ರ ಬಚಾವ್.

ಹಾಗಾದರೆ ನಾಲ್ಕು ಬಾರಿಸಬೇಕಾ?

ಇಲ್ಲ. ಸಲಿಗೆಯ ಮದ್ದು ಏಟು ಅಂದುಕೊಂಡವರ ಕೈಯಲ್ಲೂ ಒಂದೇ ಸ್ವಿಚ್ ಇದೆ. ಐದು ವರ್ಷದವರೆಗೆ ಮುದ್ದಿಸು, ಮುಂದಿನ ಹತ್ತು ವರ್ಷ ದಂಡಿಸು ಅನ್ನುವ ಹಳೇ ಸಂಸ್ಕೃತ ಶ್ಲೋಕವನ್ನು ನಮ್ಮಲ್ಲಿ ಈಗಲೂ ಹೇಳುತ್ತಾರೆ. 2016ರಲ್ಲಿ ಎಲಿಜಬೆತ್ ಗರ್ಶಾಫ್ ಮತ್ತು ಆ್ಯಂಡ್ರೂ ಗ್ರೋಗನ್-ಕೇಲರ್, ಒಟ್ಟು 1,60,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಹಲವು ದಶಕಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಏಟಿಗೂ ಹೆಚ್ಚಿನ ಆಕ್ರಮಣಶೀಲತೆ, ಮಾನಸಿಕ ತೊಂದರೆಗಳಿಗೂ ನಂಟು ಕಂಡಿತು. ವಿಧೇಯತೆ ಹೆಚ್ಚಿದ್ದು ಕಾಣಲಿಲ್ಲ.

ಊಟದ ವಿಷಯದಲ್ಲೂ ಹೀಗೇ. ಅಮೆರಿಕದ ಒಂದನೇ ಕ್ಲಾಸಿನ ಮಕ್ಕಳ ಮೇಲೆ 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಪ್ರೀತಿ-ಶಿಸ್ತು ಎರಡೂ ಇರುವ ತಾಯಂದಿರ ಮಕ್ಕಳಿಗೆ ಹೋಲಿಸಿದರೆ ಸಲಿಗೆ ಕೊಡುವವರ ಮಕ್ಕಳಲ್ಲಿ ಅತಿತೂಕದ ಸಾಧ್ಯತೆ ಹೆಚ್ಚಿತ್ತು. ಬರೀ ಬಿಗಿ ಇದ್ದ ಮನೆಗಳಲ್ಲಿ ಇನ್ನೂ ಹೆಚ್ಚಿತ್ತು.

ಏನು ಮಾಡಬಹುದು?

ಕಡಿಮೆ ನಿಯಮ ಇಡಿ, ಇಟ್ಟದ್ದನ್ನು ಮುರಿಯಬೇಡಿ. ಹತ್ತು ನಿಯಮ ಇಟ್ಟು ಏಳನ್ನು ಬಿಟ್ಟುಕೊಡುವುದಕ್ಕಿಂತ ಮೂರೇ ಇದ್ದರೆ ಸಾಕು. ಅಂಗಡಿಗೆ ಹೊರಡುವ ಮೊದಲೇ "ಇವತ್ತು ಬೇಳೆ ಮಾತ್ರ" ಅಂತ ಹೇಳಿ ಹೊರಡಿ. ಕೊಡಲೇಬೇಕು ಅನಿಸಿದರೆ ಮೊದಲ ಸಲ ಕೇಳಿದಾಗಲೇ ಕೊಡಿ, ಅತ್ತ ಮೇಲೆ ಬೇಡ. "ಬೇಡ" ಅಂದಾಗ ಮಗುವಿನ ದುಃಖವನ್ನು ಹೀಗಳೆಯಬೇಡಿ. "ಬೇಜಾರಾಯ್ತಲ್ವಾ? ಗೊತ್ತು. ಆದ್ರೂ ಇವತ್ತು ಇಲ್ಲ" ಅಂತ ಹತ್ತಿರ ಕೂರಿಸಿಕೊಂಡು ಹೇಳಬಹುದು.

ಮೂರು ವರ್ಷದ ಮಗು ಆಟಿಕೆ ಡಬ್ಬಿಗೆ ತುಂಬಬಲ್ಲದು. ಆರರದ್ದು ತಟ್ಟೆ ಎತ್ತಿಡಬಲ್ಲದು, ಹತ್ತರದ್ದು ಬೀನ್ಸಿನ ನಾರು ತೆಗೆಯಬಲ್ಲದು. ನಿಧಾನವಾಗುತ್ತದೆ, ಚೆಲ್ಲುತ್ತದೆ, ಎರಡು ಸಲ ಒರೆಸಬೇಕಾಗುತ್ತದೆ. ಅದಕ್ಕೆ ಬೆಳಿಗ್ಗೆ ಹದಿನೈದು ನಿಮಿಷ ಬೇಗ ಏಳಬೇಕು ಅನ್ನೋದೇ ನಿಜವಾದ ತೊಡಕು. ಸ್ಕ್ರೀನಿನ ವಿಷಯಕ್ಕೆ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ 2021ರ ಸಲಹೆ ಹೀಗಿದೆ: ಎರಡು ವರ್ಷದೊಳಗೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ.

ಅಜ್ಜಿ-ತಾತನ ಸಲಿಗೆ ಬಗ್ಗೆ ಮನೆಗಳಲ್ಲಿ ಬೇಕಾದಷ್ಟು ಜಗಳ ಆಗುತ್ತದೆ. ರಜೆಗೆ ಹೋದಾಗ ಅಜ್ಜಿ ಎರಡು ಕೋಡುಬಳೆ ಜಾಸ್ತಿ ಕೊಟ್ಟರೆ ಏನೂ ಆಗಲ್ಲ. ಅಜ್ಜಿ ಮನೆಯ ನಿಯಮ ಬೇರೆ ಅಂತ ಮಕ್ಕಳಿಗೆ ಬೇಗ ತಿಳಿಯುತ್ತದೆ. ತೊಂದರೆ ಬರೋದು ಒಂದೇ ಸೂರಿನಡಿ ಅಮ್ಮ ಬೇಡ ಅಂದದ್ದನ್ನು ಅದೇ ಕ್ಷಣ, ಮಗುವಿನ ಎದುರಿಗೇ ಅಜ್ಜಿ ಕೊಟ್ಟಾಗ. ಅದನ್ನು ಮಾತಾಡಿಕೊಳ್ಳಬೇಕಾದ್ದು ಮಗು ಮಲಗಿದ ಮೇಲೆ. ಮಾತಾಡಬೇಕಾದವರು ಸೊಸೆಯಲ್ಲ, ಮಗ.

ಎಲ್ಲ ಹಠವೂ ಸಲಿಗೆಯ ಫಲ ಅಲ್ಲ

ಒಂದರಿಂದ ಮೂರು ವರ್ಷದ ಮಕ್ಕಳು ಹಠ ಮಾಡಿಯೇ ಮಾಡುತ್ತವೆ. ಮಾತು ಇನ್ನೂ ಪೂರ್ತಿ ಬಂದಿರುವುದಿಲ್ಲ, ಹಸಿವು, ನಿದ್ದೆ ಸೇರಿದರೆ ಮುಗಿಯಿತು. ಒಂದೇ ಮಗು ಆದ್ದರಿಂದ ಹೀಗೆ ಅನ್ನೋದೂ ಗಟ್ಟಿ ಮಾತಲ್ಲ. ಒಬ್ಬರೇ ಮಕ್ಕಳು ಒಟ್ಟಾರೆ ಬೇರೆ ಮಕ್ಕಳ ಹಾಗೇ ಇರುತ್ತಾರೆ ಎಂದು ಟೆಕ್ಸಸ್‌ನ ಮನಶ್ಶಾಸ್ತ್ರಜ್ಞೆ ಟೋನಿ ಫಾಲ್ಬೊ ಅವರ ವರ್ಷಗಟ್ಟಲೆಯ ಕೆಲಸ ತೋರಿಸಿದೆ. ಹುಟ್ಟುಗುಣದಿಂದಲೇ ಜೋರಿರುವ ಮಗುವಿನ ಮುಂದೆ ಅಪ್ಪ-ಅಮ್ಮ ಸೋತು ಸಡಿಲವಾಗುವುದೂ ಉಂಟು. ಈ ಲೇಖನದಲ್ಲಿ ಬಂದ ಹಲವು ಅಧ್ಯಯನಗಳು ನಂಟನ್ನು ತೋರಿಸುತ್ತವೆಯೇ ಹೊರತು, ಕಾರಣ ಯಾವುದು ಫಲ ಯಾವುದು ಅಂತ ಪೂರ್ತಿ ಬೇರ್ಪಡಿಸುವುದಿಲ್ಲ.

ಇನ್ನು ಆಟಿಸಂ (ಬೇರೆಯವರೊಡನೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ವ್ಯತ್ಯಾಸ), ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಇರುವ ಮಕ್ಕಳನ್ನು ನೆಂಟರು "ಸಲಿಗೆ ಜಾಸ್ತಿ ಆಯ್ತು" ಅಂತ ಸುಲಭವಾಗಿ ಅಂದುಬಿಡುತ್ತಾರೆ. ಗದ್ದಲಕ್ಕೆ ಕಿವಿ ಮುಚ್ಚಿ ಕಿರುಚುವುದು, ದಿನಚರಿ ಸ್ವಲ್ಪ ಬದಲಾದರೂ ಕುಸಿಯುವುದು, ಕರೆದರೆ ತಿರುಗದಿರುವುದು ಹಠದ ಲಕ್ಷಣ ಅಲ್ಲದಿರಬಹುದು. ರಂಪ ದಿನಕ್ಕೆ ಹಲವು ಸಲ ಆಗುತ್ತಿದ್ದರೆ, ಐದು ವರ್ಷ ದಾಟಿದ ಮೇಲೂ ತಗ್ಗದಿದ್ದರೆ, ಮಗು ತನಗೋ ಬೇರೆಯವರಿಗೋ ಗಾಯ ಮಾಡುತ್ತಿದ್ದರೆ ಮಕ್ಕಳ ಡಾಕ್ಟರ ಬಳಿ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಫೋನು, ಗೇಮಿನ ಗೀಳಿಗೆಂದೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಕೂಡ ಅಲ್ಲಿದೆ. ಅಷ್ಟು ದೂರ ಹೋಗುವ ಮೊದಲು ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.